ಸುಂಟರಗಾಳಿಯ ದಾರಿಯಲ್ಲಿ ಒಂದು ಶಾಲೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಶಾಲಾ ದಿನಗಳ ನೆನಪು ಹೇಳಬೇಕು ಎಂದು ಸಮಿತಿಯವರು ನನ್ನನ್ನು ಕರೆದರು. ನಿನ್ನೆಯಿಂದ ನೀವು ನೆನಪುಗಳನ್ನು ಬೇಕಾದಷ್ಟು ಕೇಳಿದ್ದೀರಿ. ಛಡಿ ಏಟು, ಗಣಪತಿ ಹಬ್ಬ, ಹೊಳೆಯಲ್ಲಿ ಈಜು ಎಲ್ಲವೂ ಬಂದುಹೋದವು. ನಾನು ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವನು. ಅದನ್ನು ಬಿಟ್ಟರೆ ನನಗೆ ಬೇರೆ ವಿದ್ಯೆ ಬರುವುದಿಲ್ಲ. ಹಾಗಾಗಿ ಅಪ್ಪಣೆಯಾದರೆ ಇವತ್ತು ಗಾಳಿಯ ವಿಷಯ ಮಾತಾಡುತ್ತೇನೆ.

ಅದಕ್ಕೆ ಕಾರಣವೂ ಇದೆ. ಹೋದ ವರ್ಷ ಯುಗಾದಿ ಕಳೆದ ಮೇಲೆ ಒಂದು ಸಂಜೆ ಬೀಸಿದ ಗಾಳಿಯನ್ನು ನೀವು ಯಾರೂ ಮರೆತಿಲ್ಲ. ಇದೇ ಶಾಲೆಯ ಬಿಸಿಯೂಟದ ಕೋಣೆಯ ಶೀಟುಗಳು ಕಿತ್ತುಹೋಗಿ ಆಚೆಯ ಬಾಳೆತೋಟದಲ್ಲಿ ಬಿದ್ದಿದ್ದವು. ಶೀಟು ಹಾರಬಾರದೆಂದು ಮೇಲೆ ಹೇರಿದ್ದ ಕಲ್ಲುಗಳು ಒಳಗೆ, ಮಕ್ಕಳು ತಟ್ಟೆ ಹಿಡಿದು ಸಾಲು ನಿಲ್ಲುವ ಜಾಗದಲ್ಲೇ ಬಿದ್ದಿದ್ದವು. ಅಂದು ಭಾನುವಾರ. ಯಾರಿಗೂ ಏನೂ ಆಗಲಿಲ್ಲ. 'ದೇವರು ದೊಡ್ಡವನು' ಎಂದೆವು, ಶೀಟು ಮತ್ತೆ ಹಾಕಿಸಿದೆವು. ಕಲ್ಲನ್ನೂ ಮತ್ತೆ ಹೇರಿದ್ದೇವೆ. ಬೆಳಿಗ್ಗೆ ಬಂದಾಗ ನೋಡಿದೆ.

ಅಂದು ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: 'ಸುಂಟರಗಾಳಿ ಬಂತು.' ಪತ್ರಿಕೆಯಲ್ಲೂ ಹಾಗೇ ಬಂತು. ಮಕ್ಕಳೇ, ನಾವು ಸುಂಟರಗಾಳಿ ಎಂಬ ಒಂದೇ ಹೆಸರಿನಲ್ಲಿ ಎರಡು ಮೂರು ಬೇರೆ ಬೇರೆ ಗಾಳಿಗಳನ್ನು ಕರೆಯುತ್ತೇವೆ. ಬೇಸಗೆಯ ಮಧ್ಯಾಹ್ನ, ಆಕಾಶ ನಿರ್ಮಲವಾಗಿರುವಾಗ, ಕಣದಲ್ಲಿ ತರಗೆಲೆಯನ್ನೂ ಧೂಳನ್ನೂ ಎತ್ತಿ ಸುತ್ತಿಸುವ ಗಾಳಿಯೊಂದಿದೆ. ಅದು ನೆಲ ಕಾದು ಕೆಳಗಿನಿಂದ ಮೇಲಕ್ಕೆ ಏಳುವ ಸುಳಿ. ನಮ್ಮಜ್ಜಿ ಅದನ್ನು ಕಂಡರೆ ದೆವ್ವ ಎಂದು ಉಗುಳುತ್ತಿದ್ದಳು. ಅದರಿಂದ ದೊಡ್ಡ ಅಪಾಯವಿಲ್ಲ. ಚಂಡಮಾರುತ ಇನ್ನೊಂದು. ಅದು ಸಮುದ್ರದಲ್ಲಿ ಹುಟ್ಟಿ ನೂರಾರು ಕಿಲೋಮೀಟರ್ ಹರಡಿಕೊಳ್ಳುವಂಥದ್ದು, ಬರುವುದು ದಿನಗಳ ಮೊದಲೇ ತಿಳಿಯುತ್ತದೆ. ಇವೆರಡೂ ಅಲ್ಲದ ಮೂರನೆಯದು, ದೊಡ್ಡ ಗುಡುಗುಮೋಡದ ಹೊಟ್ಟೆಯಿಂದ ನೆಲಕ್ಕೆ ಇಳಿಯುವ ಸುಳಿ. ದೂರದಿಂದ ಆನೆಯ ಸೊಂಡಿಲಿನಂತೆ ಕಾಣುತ್ತದೆ. ಇಂಗ್ಲಿಷಿನವರು ಅದನ್ನೇ ಟಾರ್ನೆಡೊ ಎನ್ನುತ್ತಾರೆ. ಅದು ಎಂಥದ್ದು ಎಂದು ತಿಳಿಯಲು ನಿಮ್ಮನ್ನು ನೂರು ವರ್ಷ ಹಿಂದಿನ ಒಂದು ಮಧ್ಯಾಹ್ನಕ್ಕೆ, ಅಮೆರಿಕದ ಹಳ್ಳಿಗಾಡಿಗೆ ಕರೆದುಕೊಂಡು ಹೋಗುತ್ತೇನೆ. ಅಷ್ಟು ದೂರ ಏಕೆ ಎಂದು ಕೇಳಬೇಡಿ. ಆ ದಾರಿಯಲ್ಲಿ ಒಂದು ಶಾಲೆ ಇದೆ, ಅದಕ್ಕೆ.

1925ನೇ ಇಸವಿ, ಮಾರ್ಚ್ 18, ಬುಧವಾರ. ಮಿಸೌರಿ ರಾಜ್ಯದ ಗುಡ್ಡಗಾಡಿನಲ್ಲಿ, ಎಲಿಂಗ್ಟನ್ ಎಂಬ ಊರಿನ ಹತ್ತಿರ, ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಆ ಸುಳಿ ನೆಲ ಮುಟ್ಟಿತು. ಅಲ್ಲಿಂದ ಈಶಾನ್ಯದ ಕಡೆಗೆ ಹೊರಟು, ಮಿಸಿಸಿಪ್ಪಿ ನದಿ ದಾಟಿ ಇಲಿನಾಯ್ ರಾಜ್ಯ, ವಬಾಷ್ ನದಿ ದಾಟಿ ಇಂಡಿಯಾನಾ ರಾಜ್ಯ, ಹೀಗೆ ಮೂರು ರಾಜ್ಯ ಹಾದು, ಸಂಜೆ ನಾಲ್ಕೂವರೆಗೆ ಮಾಯವಾಯಿತು. ಹೋದ ದಾರಿಯ ಉದ್ದ ಸುಮಾರು 352 ಕಿಲೋಮೀಟರ್. ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಇರುವಷ್ಟು ದೂರ. ನಮ್ಮ ಬಸ್ಸಿಗೆ ಏಳೆಂಟು ಗಂಟೆ ಬೇಕು. ಆ ಗಾಳಿ ಮೂರೂವರೆ ಗಂಟೆಯಲ್ಲಿ ಮುಗಿಸಿತು. ದಾರಿಯ ಅಗಲ ಸರಾಸರಿ ಒಂದು ಕಿಲೋಮೀಟರಿಗೂ ಹೆಚ್ಚು. ಸತ್ತವರು 695 ಜನ. ಅಮೆರಿಕದಲ್ಲಿ ಒಂದೇ ಸುಂಟರಗಾಳಿಗೆ ಅಷ್ಟು ಜನ ಅದಕ್ಕೆ ಮೊದಲೂ ಸತ್ತಿರಲಿಲ್ಲ, ಆಮೇಲೂ ಸತ್ತಿಲ್ಲ.

ಅದರ ದಾರಿ ಹಿಡಿದು ಹೋಗೋಣ. ಮೊದಲ ಒಂದು ಗಂಟೆ ಕಾಡು, ಗುಡ್ಡ. ಜನ ಕಡಿಮೆ. ಅಲ್ಲಿ ಅನಾಪೊಲಿಸ್ ಎಂಬ ಪುಟ್ಟ ಊರು ಒಂದೂಕಾಲು ಗಂಟೆಗೆ ಹೆಚ್ಚು ಕಡಿಮೆ ನೆಲಸಮವಾಯಿತು. ನದಿ ದಾಟಿದ ಕೂಡಲೇ ಗೋರಮ್ ಎಂಬ ಊರು, ಆಗ ಎರಡೂವರೆ ಗಂಟೆ. ಆ ಊರಿನಲ್ಲಿ ಉಳಿದ ಮನೆಯೇ ಇರಲಿಲ್ಲ. ಇನ್ನು ಕೆಲವೇ ನಿಮಿಷಕ್ಕೆ ಮರ್ಫಿಸ್‌ಬರೊ. ರೈಲ್ವೆ ಕಾರ್ಖಾನೆ ಇದ್ದ ಪಟ್ಟಣ. ಅಲ್ಲಿ 234 ಜನ ಹೋದರು. ಅದರಾಚೆ ವೆಸ್ಟ್ ಫ್ರಾಂಕ್‌ಫರ್ಟ್ ಎಂಬ ಕಲ್ಲಿದ್ದಲಿನ ಊರು. ಗಂಡಸರು ನೂರಾರು ಅಡಿ ಆಳದ ಗಣಿಯಲ್ಲಿದ್ದರು. ಒಮ್ಮೆಲೇ ವಿದ್ಯುತ್ ನಿಂತಿತು. ಏನೋ ಕೆಟ್ಟಿದೆ ಎಂದುಕೊಂಡು ಏಣಿಗಳ ಮೇಲೆ ಹತ್ತಿ ಬಂದರು. ಮೇಲೆ ಬಂದು ನೋಡಿದರೆ ತಮ್ಮ ಬೀದಿಗಳೇ ಇಲ್ಲ. ಅಪಾಯದ ಕೆಲಸಕ್ಕೆಂದು ಭೂಮಿಯ ಒಳಗೆ ಇಳಿದವರು ಬದುಕಿದರು. ಸುರಕ್ಷಿತವಾಗಿ ಮನೆಯಲ್ಲಿದ್ದಾರೆ ಎಂದುಕೊಂಡಿದ್ದ ಹೆಂಗಸರು ಮಕ್ಕಳು ಸತ್ತಿದ್ದರು. ಗೋರಮ್‌ನಿಂದ ಇಲ್ಲಿಯವರೆಗಿನ ಸುಮಾರು 40 ನಿಮಿಷದಲ್ಲಿ ಸತ್ತವರೇ 541 ಜನ.

ಈ ಎರಡು ಪಟ್ಟಣಗಳ ನಡುವೆ ಡಿ ಸೋಟೊ ಎಂಬ ಸಣ್ಣ ಊರಿದೆ. ನಮ್ಮ ಹೋಬಳಿ ಊರಿಗಿಂತಲೂ ಚಿಕ್ಕದು. ಅಲ್ಲಿ ಇಟ್ಟಿಗೆಯ ಗಟ್ಟಿ ಕಟ್ಟಡದಲ್ಲಿ ಒಂದು ಶಾಲೆ. ಮಧ್ಯಾಹ್ನದ ಪಾಠ ನಡೆದಿತ್ತು. ಊರಿನಲ್ಲಿ ಸತ್ತ 69 ಜನರಲ್ಲಿ 33 ಮಕ್ಕಳು ಆ ಶಾಲೆಯಲ್ಲೇ ಸತ್ತರು. ನಮ್ಮ ಶಾಲೆಯ ಒಂದು ತರಗತಿಯ ಹಾಜರಿ ಪುಸ್ತಕ ತೆಗೆದು ನೋಡಿ, ಹೆಸರುಗಳು ಹೆಚ್ಚು ಕಡಿಮೆ ಅಷ್ಟೇ ಇರುತ್ತವೆ. ನಾನು ಮೂವತ್ತು ವರ್ಷ ದಿನಾ ಬೆಳಿಗ್ಗೆ ಅಂಥ ಪುಸ್ತಕದಿಂದ ಹೆಸರು ಕೂಗಿದವನು. ಈ ಲೆಕ್ಕವನ್ನು ಮೊದಲ ಸಲ ಓದಿದ ದಿನ ಮುಂದೆ ಓದಲು ಆಗಲಿಲ್ಲ.

ಪಟ್ಟಣಗಳ ಕಥೆಯನ್ನು ಎಲ್ಲರೂ ಬರೆದಿದ್ದಾರೆ. ನಾವು ಬೇಸಾಯದವರು ಕೇಳಬೇಕಾದದ್ದು ಅದರ ಮುಂದಿನ ಭಾಗ. ವೆಸ್ಟ್ ಫ್ರಾಂಕ್‌ಫರ್ಟ್ ದಾಟಿದ ಮೇಲೆ ಹ್ಯಾಮಿಲ್ಟನ್, ವೈಟ್ ಎಂಬ ಎರಡು ಜಿಲ್ಲೆಗಳು. ಬರೀ ಹೊಲ, ಹೊಲದ ನಡುವೆ ಒಂಟಿ ಮನೆಗಳು. ಅಲ್ಲಿ ಊರೆಂಬುದು ಅಪರೂಪ, ಆದರೂ ಸತ್ತವರು ಅರವತ್ತಕ್ಕೂ ಹೆಚ್ಚು. ಇಂಡಿಯಾನಾದಲ್ಲಿ ಗ್ರಿಫಿನ್ ಎಂಬ ಊರು ಪೂರ್ತಿ ಹೋಯಿತು. ಅಲ್ಲಿಂದ ಪ್ರಿನ್ಸ್‌ಟನ್ ಪಟ್ಟಣದವರೆಗೆ ನಡುವೆ ಸುಮಾರು 85 ಹೊಲಮನೆಗಳು ನಾಶವಾದವು. ಮಾರ್ಚ್ ತಿಂಗಳು, ಮೆಕ್ಕೆಜೋಳದ ಬಿತ್ತನೆಗೆ ಇನ್ನೂ ಸಮಯವಿತ್ತು. ಹಾಗಾಗಿ ಹೋದದ್ದು ಪೈರಿಗಿಂತ ಹೆಚ್ಚಾಗಿ ಬೇಸಾಯದ ಬುಡವೇ: ಬೀಜ ಇಟ್ಟಿದ್ದ ಉಗ್ರಾಣ, ಮೇವು, ನೇಗಿಲು, ಉಳುವ ಕುದುರೆ, ಕರೆಯುವ ಹಸು, ಬೇಲಿ. ನಮ್ಮಲ್ಲಿ ಒಂದು ವರ್ಷದ ಬೆಳೆ ಹೋದರೆ ಸಾಲ ಮಾಡಿ ಮುಂದಿನ ವರ್ಷ ನೋಡುತ್ತೇವೆ. ಎತ್ತು, ಬೀಜ, ಕೊಟ್ಟಿಗೆ ಒಂದೇ ಗಳಿಗೆಯಲ್ಲಿ ಹೋದರೆ ಮುಂದಿನ ವರ್ಷ ಎಂಬುದೇ ಇರುವುದಿಲ್ಲ. ಅಷ್ಟೇ ಅಲ್ಲ, ಇಂಥ ಗಾಳಿ ಹಾದ ಹೊಲದ ತುಂಬ ಗಾಜಿನ ಚೂರು, ಮೊಳೆ, ತಂತಿ, ಸೀಳಿದ ಹಲಗೆ ಬಿದ್ದಿರುತ್ತದೆ. ಅದನ್ನೆಲ್ಲ ಕೈಯಲ್ಲಿ ಆರಿಸಿ ತೆಗೆಯುವವರೆಗೆ ನೇಗಿಲು ಹೂಡುವಂತಿಲ್ಲ, ದನ ಬಿಡುವಂತಿಲ್ಲ.

ಈಗ ನೀವು ಕೇಳಬಹುದು: ಅಲ್ಲಿನ ರೈತರಿಗೆ ಸುಂಟರಗಾಳಿ ಹೊಸದೇ? ಅಲ್ಲ. ಅದು ಸೊಂಡಿಲಿನ ಹಾಗೆ ಬರುತ್ತದೆ, ಕಂಡ ಕೂಡಲೇ ನೆಲಮಾಳಿಗೆಗೆ ಓಡಬೇಕು ಎಂದು ಅವರಿಗೆ ತಿಳಿದಿತ್ತು. ಆದರೆ ಅಂದು ಸೊಂಡಿಲು ಕಾಣಲಿಲ್ಲ. ಮೋಡ ಅಷ್ಟು ಕೆಳಗಿತ್ತು, ಧೂಳು ಕಸ ಅಷ್ಟು ಎದ್ದಿತ್ತು. ನೋಡಿದವರಿಗೆ ಕಪ್ಪು ಮಂಜು ನೆಲದ ಮೇಲೆ ಉರುಳಿಕೊಂಡು ಬಂದಂತೆ ಕಂಡಿತು. ಜೋರು ಮಳೆ ಬರುತ್ತಿದೆ ಎಂದುಕೊಂಡರು. ಅದರ ಓಟ ಗಂಟೆಗೆ ಸರಾಸರಿ 100 ಕಿಲೋಮೀಟರ್. ಅನುಮಾನ ಬಂದ ಮೇಲೆ ಓಡಲು ಹೊತ್ತಿರಲಿಲ್ಲ.

ಅವರ ಕಣ್ಣು ತಪ್ಪಿತು, ಸರಿ. ತಿಳಿದವರು ಹೇಳಬಹುದಿತ್ತಲ್ಲ? ಇಲ್ಲೇ ನನಗೆ ಬಹಳ ಬೇಸರವಾಗುವ ಸಂಗತಿ ಇದೆ. 1880ರ ದಶಕದಲ್ಲಿ ಜಾನ್ ಫಿನ್ಲೆ ಎಂಬ ಸೈನ್ಯಾಧಿಕಾರಿ ಹಳೆಯ ಸುಂಟರಗಾಳಿಗಳ ದಾಖಲೆ ಕಲೆಹಾಕಿ, ಊರೂರುಗಳಿಂದ ವರದಿ ಕಳಿಸುವವರನ್ನು ನೂರಾರು ಸಂಖ್ಯೆಯಲ್ಲಿ ಗೊತ್ತುಮಾಡಿ, 1884ರಲ್ಲಿ ಪ್ರಯೋಗಕ್ಕೆಂದು ಮುನ್ಸೂಚನೆ ಬರೆಯಲು ಶುರುಮಾಡಿದ್ದ. ಆ ಕೆಲಸ ಮುಂದುವರಿಯಲಿಲ್ಲ. ಬದಲಿಗೆ, ಮುನ್ಸೂಚನೆಯಲ್ಲಿ ಟಾರ್ನೆಡೊ ಎಂಬ ಪದವನ್ನೇ ಬಳಸಬಾರದು ಎಂಬ ನಿಯಮ ಆ ದಶಕದ ಕೊನೆಯ ಹೊತ್ತಿಗೆ ಬಂತು. ಕಾರಣ? ಆ ಪದ ಕೇಳಿದರೆ ಜನ ಗಾಬರಿಯಾಗುತ್ತಾರೆ, ಗಾಳಿಗಿಂತ ಗಾಬರಿಯಿಂದಲೇ ಹೆಚ್ಚು ಹಾನಿಯಾದೀತು ಎಂಬ ಯೋಚನೆ. ಆ ನಿಯಮ 1938ರವರೆಗೆ ಇತ್ತು. ಹಾಗಾಗಿ 1925ರ ಮಾರ್ಚ್ 18ರ ಮುನ್ಸೂಚನೆಯಲ್ಲಿ ಮಳೆ ಎಂದಿತ್ತು, ಜೋರು ಗಾಳಿ ಎಂದಿತ್ತು, ಆ ಒಂದು ಪದ ಇರಲಿಲ್ಲ.

ಇನ್ನೊಂದು ಯೋಚಿಸಿ. ಅನಾಪೊಲಿಸ್ ಹಾಳಾದದ್ದು ಒಂದೂಕಾಲಿಗೆ. ಡಿ ಸೋಟೊ ಶಾಲೆ ಬಿದ್ದದ್ದು ಎರಡೂವರೆ ಕಳೆದ ಮೇಲೆ. ಪ್ರಿನ್ಸ್‌ಟನ್‌ಗೆ ಅದು ತಲುಪಿದ್ದು ನಾಲ್ಕು ಗಂಟೆ ದಾಟಿದ ಮೇಲೆ. ತಂತಿ ಇತ್ತು, ದೂರವಾಣಿ ಇತ್ತು, ರೈಲು ಇತ್ತು. ಸುದ್ದಿ ಗಾಳಿಗಿಂತ ಮುಂಚೆ ಹೋಗಬಹುದಿತ್ತು. ಆದರೆ ಹಿಂದಿನ ಊರಿನವರು ಮುಂದಿನ ಊರಿನವರಿಗೆ ಕೂಗಿ ಹೇಳಬೇಕು ಎಂಬ ಏರ್ಪಾಡು ಯಾರೂ ಮಾಡಿರಲಿಲ್ಲ. ಗಾಳಿಯ ದಾರಿಯಲ್ಲಿ ಕಂಬಗಳೂ ಬಿದ್ದುಹೋದವು. ಮೂರು ಗಂಟೆ ಕಾಲ ಪ್ರತಿಯೊಂದು ಊರೂ ತನಗೆ ಮಾತ್ರ ಹೀಗಾಯಿತು ಎಂದುಕೊಂಡು ಬಿದ್ದಿತ್ತು.

ನಿಯಮ ಹೋದ ಮೇಲೂ ಮುನ್ಸೂಚನೆ ಕೂಡಲೇ ಬರಲಿಲ್ಲ. 1948ರ ಮಾರ್ಚ್ 20ರಂದು ಒಕ್ಲಹೋಮಾದ ಒಂದು ವಾಯುನೆಲೆಯ ಮೇಲೆ ಸುಂಟರಗಾಳಿ ಬಿದ್ದು ವಿಮಾನಗಳು ನುಚ್ಚುನೂರಾದವು. ಅಲ್ಲಿನ ಹವಾಮಾನ ಅಧಿಕಾರಿಗಳಾದ ಫಾಬುಷ್ ಮತ್ತು ಮಿಲ್ಲರ್ ಎಂಬ ಇಬ್ಬರು ಹಳೆಯ ನಕಾಶೆಗಳನ್ನೆಲ್ಲ ಹರಡಿಕೊಂಡು ಕೂತರು. ಐದು ದಿನ ಬಿಟ್ಟು ನೋಡಿದರೆ ಆಕಾಶದ ಲಕ್ಷಣ ಮತ್ತೆ ಹಾಗೇ ಇದೆ. ಧೈರ್ಯ ಮಾಡಿ ಎಚ್ಚರಿಕೆ ಕೊಟ್ಟರು. ವಿಮಾನಗಳನ್ನು ಒಳಗೆ ಸೇರಿಸಿದರು. ಅದೇ ಸಂಜೆ ಅದೇ ನೆಲೆಯ ಮೇಲೆ ಸುಂಟರಗಾಳಿ ಬಂತು, ಯಾರಿಗೂ ಗಾಯವಾಗಲಿಲ್ಲ. 1952ರಿಂದ ಸಾರ್ವಜನಿಕರಿಗೂ ಇಂಥ ಮುನ್ಸೂಚನೆ ಸಿಗತೊಡಗಿತು. ಜನ ಗಾಬರಿಯಾಗಿ ಓಡಿ ಸತ್ತರೇ? ಇಲ್ಲ. ಗಾಬರಿಯಾದರು, ಒಳಗೆ ಹೋದರು, ಬದುಕಿಕೊಂಡರು.

ಇಷ್ಟು ಕೇಳಿ, 'ಅದು ಅಮೆರಿಕದ ಮಾತು, ನಮಗೇನು' ಎನ್ನಬೇಡಿ. ಲೋಕದಲ್ಲಿ ಒಂದೇ ಸುಂಟರಗಾಳಿಗೆ ಅತಿ ಹೆಚ್ಚು ಜನ ಸತ್ತದ್ದು ಅಮೆರಿಕದಲ್ಲಲ್ಲ, ನಮ್ಮ ನೆರೆಯ ಬಾಂಗ್ಲಾದೇಶದಲ್ಲಿ. 1989ರ ಏಪ್ರಿಲ್ 26ರ ಸಂಜೆ, ಮಾಣಿಕ್‌ಗಂಜ್ ಜಿಲ್ಲೆಯ ದೌಲತ್‌ಪುರ, ಸಾತುರಿಯಾ ಎಂಬ ಊರುಗಳಲ್ಲಿ. ತಿಂಗಳುಗಟ್ಟಲೆ ಮಳೆಯಿಲ್ಲದೆ ಜನ ಆಕಾಶ ನೋಡುತ್ತಿದ್ದರು. ಬಂದದ್ದು ಆ ಗಾಳಿ. ಸತ್ತವರು ಸುಮಾರು 1,300 ಎಂದು ಅಂದಾಜು. ಮನೆ ಕಳೆದುಕೊಂಡವರು ಸುಮಾರು 80,000. ಆ ಸೀಮೆಯ ಹಳ್ಳಿಮನೆಗಳಿಗೆ ತಗಡಿನ ಗೋಡೆ, ತಗಡಿನ ಮಾಡು. ಹಾರುವ ತಗಡು ಕತ್ತಿಯ ಹಾಗೆ. ಬಂಗಾಳ ಕೊಲ್ಲಿಯ ತೇವದ ಗಾಳಿ, ಪಶ್ಚಿಮದ ಒಣ ಗಾಳಿ, ಅದರ ಮೇಲೆ ಆಕಾಶದ ಎತ್ತರದಲ್ಲಿ ರಭಸದ ಗಾಳಿ, ಈ ಮೂರೂ ಕೂಡಿದರೆ ಬೈಶಾಖದ ಗುಡುಗುಮೋಡ ಒಮ್ಮೊಮ್ಮೆ ಹೀಗೆ ತಿರುಗಲು ತೊಡಗುತ್ತದೆ.

ನಮ್ಮ ಕಡೆ ಆ ಮೂರೂ ಹಾಗೆ ಕೂಡುವುದು ಅಪರೂಪ. ಹಾಗಾದರೆ ಹೋದ ವರ್ಷ ನಮ್ಮೂರಿಗೆ ಬಂದದ್ದು ಏನು? ಇದನ್ನು ಹೇಗೆ ತಿಳಿಯಬೇಕೆಂದು ಕಲಿಸಿದವರು ಟೆಡ್ ಫುಜಿಟಾ ಎಂಬ ಜಪಾನಿನ ವಿಜ್ಞಾನಿ. 1945ರಲ್ಲಿ ಅಣುಬಾಂಬು ಬಿದ್ದ ನಾಗಸಾಕಿಗೆ ಕೆಲವೇ ವಾರಗಳಲ್ಲಿ ಹೋಗಿ, ಮರಗಳು ಯಾವ ದಿಕ್ಕಿಗೆ ಬಿದ್ದಿವೆ ಎಂದು ನೋಡಿಕೊಂಡು ಬಂದವರು. ಆಮೇಲೆ ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯಕ್ಕೆ ಹೋದರು. ಸುಂಟರಗಾಳಿ ಹಾದ ಹೊಲಗಳ ಮೇಲೆ ಸಣ್ಣ ವಿಮಾನದಲ್ಲಿ ಹಾರಾಡಿ ಚಿತ್ರ ತೆಗೆದರು. ಮೆಕ್ಕೆಜೋಳದ ಹೊಲಗಳಲ್ಲಿ ಒಂದರ ಪಕ್ಕ ಒಂದು ಬಳೆ ಇಟ್ಟಂಥ ಗುರುತುಗಳಿದ್ದವು. ಭಾರದ ವಸ್ತುವನ್ನು ಗಾಳಿ ಎಳೆದಾಡಿದ ಗೀರು ಅದು ಎಂದು ಹಿಂದಿನವರು ನಂಬಿದ್ದರು. ಅದು ಗೀರಲ್ಲ, ಕೂಳೆ ಕಸ ಸಾಲಾಗಿ ಕೂತದ್ದು ಎಂದು ಫುಜಿಟಾ ತೋರಿಸಿಕೊಟ್ಟರು. ದೊಡ್ಡ ಸುಳಿಯ ಒಳಗೆ ಸಣ್ಣ ಸುಳಿಗಳು ಸುತ್ತುತ್ತವೆ, ಅವು ಮುಟ್ಟಿದ ಮನೆ ಹೋಗುತ್ತದೆ, ಪಕ್ಕದ ಮನೆ ಉಳಿಯುತ್ತದೆ ಎಂಬುದು ತಿಳಿದದ್ದು ಹೊಲ ಓದಿದ್ದರಿಂದ. ಬಿದ್ದದ್ದನ್ನು ನೋಡಿ ಗಾಳಿಯ ಬಲ ಅಳೆಯುವ ಕ್ರಮವನ್ನು 1971ರಲ್ಲಿ ಕೊಟ್ಟವರೂ ಅವರೇ.

ಫುಜಿಟಾ ಇನ್ನೊಂದನ್ನು ಕಂಡರು. ಕೆಲವು ಕಡೆ ಮರಗಳು ಸುತ್ತಿಕೊಂಡು ಬೀಳದೆ, ಒಂದು ಜಾಗದಿಂದ ಹೊರಕ್ಕೆ, ಬೀಸಣಿಗೆ ಬಿಡಿಸಿದಂತೆ ಬಿದ್ದಿದ್ದವು. ನಾಗಸಾಕಿಯಲ್ಲಿ ನೋಡಿದ ಹಾಗೆಯೇ. ಅದು ಸುಳಿಯಲ್ಲ, ಮೋಡದಿಂದ ತಣ್ಣನೆಯ ಗಾಳಿ ಒಮ್ಮೆಲೇ ಕುಸಿದು ನೆಲಕ್ಕೆ ಬಡಿದು ಸುತ್ತಲೂ ಚೆಲ್ಲಿದ್ದು ಎಂದರು. ಹೋದ ವರ್ಷ ನಮ್ಮೂರ ಗಾಳಿಯ ಮರುದಿನ ನಾನು ಆ ಬಾಳೆತೋಟದಲ್ಲಿ ಒಂದು ಸುತ್ತು ನಡೆದೆ. ಮೇಷ್ಟ್ರ ಬುದ್ಧಿ, ಏನು ಮಾಡುವುದು. ಗೊನೆ ಬಿಟ್ಟ ಗಿಡಗಳೆಲ್ಲ ಸಾಲಾಗಿ ಒಂದೇ ಕಡೆಗೆ, ತುದಿಯಲ್ಲಿ ಸ್ವಲ್ಪ ಹರಡಿಕೊಂಡು ಮಲಗಿದ್ದವು. ಒಂದರ ಮೇಲೊಂದು ತಿರುಚಿ ಬಿದ್ದಿರಲಿಲ್ಲ. ಬಂದದ್ದು ಸುಂಟರಗಾಳಿಯಲ್ಲ, ಮೋಡ ಚೆಲ್ಲಿದ ಗಾಳಿ. ತೋಟದವರಿಗೆ ಹೇಳಿದೆ. 'ಹೆಸರು ಯಾವುದಾದರೇನು ಮೇಷ್ಟ್ರೇ, ಗೊನೆ ಹೋಯಿತಲ್ಲ' ಎಂದರು. ಅವರು ಹೇಳಿದ್ದೂ ನಿಜ. ಆದರೆ ಹೆಸರು ತಿಳಿದರೆ ಒಂದು ಲಾಭವಿದೆ. ಸುಂಟರಗಾಳಿ ನಮ್ಮಲ್ಲಿ ಅಪರೂಪ, 'ಮತ್ತೆ ಬರಲಿಕ್ಕಿಲ್ಲ' ಎಂದು ಸುಮ್ಮನಿರಬಹುದು. ಈ ಗಾಳಿಯನ್ನು ತರುವ ಗುಡುಗುಮೋಡ ಮಾತ್ರ ಪ್ರತಿ ವರ್ಷ, ಯುಗಾದಿಯಿಂದ ಮುಂಗಾರಿನವರೆಗೆ ನಮ್ಮ ತಲೆಯ ಮೇಲೆ ಕಟ್ಟುತ್ತದೆ. ಸುಮ್ಮನಿರುವಂತಿಲ್ಲ.

ಇವತ್ತು ನಮಗೆ ಹೇಳುವವರಿದ್ದಾರೆ. ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಎಂದು ಜಿಲ್ಲೆಯ ಹೆಸರು ಹಿಡಿದು ಎಚ್ಚರಿಸುತ್ತದೆ, ಮುಂದಿನ ಮೂರು ಗಂಟೆಯ ಸೂಚನೆಯನ್ನೂ ಕೊಡುತ್ತದೆ. ಸಿಡಿಲಿಗೆಂದೇ ಪುಣೆಯ ಸಂಸ್ಥೆ ಮಾಡಿದ ದಾಮಿನಿ ಎಂಬ ಆ್ಯಪ್ ಇದೆ. ಸುದ್ದಿ ಮೊಬೈಲಿನವರೆಗೆ ಬರುತ್ತದೆ. ಅಲ್ಲಿಂದ ಮುಂದೆ? ಗದ್ದೆಯಲ್ಲಿ ಬಗ್ಗಿರುವ ಹೆಣ್ಣುಮಗಳಿಗೆ, ಕುರಿ ಕಾಯುವವನಿಗೆ, ಅಡುಗೆಕೋಣೆಯಲ್ಲಿರುವ ಬಿಸಿಯೂಟದ ಅಮ್ಮನಿಗೆ ಯಾರು ಹೇಳಬೇಕು? ಅನಾಪೊಲಿಸ್‌ನಿಂದ ಡಿ ಸೋಟೊವರೆಗೆ ಹೋಗದೆ ಉಳಿದ ಮಾತು ಅದೇ.

ಅದಕ್ಕೆ ಈ ಸುವರ್ಣ ಮಹೋತ್ಸವದಲ್ಲಿ ಮೂರು ಸಣ್ಣ ಕೆಲಸ ಕೇಳಿಕೊಳ್ಳುತ್ತೇನೆ. ಒಂದು, ಬಿಸಿಯೂಟದ ಕೋಣೆಯ ಮತ್ತು ಸೈಕಲ್ ನಿಲ್ದಾಣದ ಮೇಲಿನ ಕಲ್ಲುಗಳನ್ನು ಇಳಿಸೋಣ. ಶೀಟುಗಳನ್ನು ಕೊಕ್ಕೆ ಬೋಲ್ಟಿನಿಂದ ಕೆಳಗಿನ ಕಬ್ಬಿಣಕ್ಕೆ ಭದ್ರ ಮಾಡೋಣ. ಖರ್ಚನ್ನು ನಮ್ಮ ಎರಡನೆಯ ತಂಡದವರು ನೋಡಿಕೊಳ್ಳುತ್ತೇವೆ, ಇಲ್ಲಿಗೆ ಬರುವ ಮೊದಲೇ ಮಾತಾಡಿಕೊಂಡಿದ್ದೇವೆ. ಎರಡು, ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಬಂದ ದಿನ ಮೋಡ ಕಟ್ಟಿದ ಕೂಡಲೇ ಶಾಲೆಯ ಗಂಟೆಯನ್ನು ಬಿಡದೆ ಹೊಡೆಯೋಣ. ಗಂಟೆ ಕೇಳಿದರೆ ಹೊಲದವರು ಒಂಟಿಮರದ ಕೆಳಗೆ ನಿಲ್ಲದೆ ಗಟ್ಟಿ ಕಟ್ಟಡ ಸೇರಬೇಕು, ಮಕ್ಕಳು ಶೀಟಿನ ಕೋಣೆ ಬಿಟ್ಟು ತಾರಸಿಯ ಕೋಣೆಗೆ ಬಂದು ಕಿಟಕಿಯಿಂದ ದೂರ ಕೂರಬೇಕು. ಹತ್ತು ಸಲ ಗಂಟೆ ಹೊಡೆದು ಒಂಬತ್ತು ಸಲ ಗಾಳಿ ಬರದೇ ಹೋಗಬಹುದು. ಆಗ ಮೇಷ್ಟ್ರನ್ನು ನೋಡಿ ನಗಬೇಡಿ. ಮೂರು, ಮಕ್ಕಳೇ, ಇದು ನಿಮಗೆ. ಒಂದು ಗಾಳಿ ಪುಸ್ತಕ ಇಡಿ. ಯಾವ ದಿನ, ಎಷ್ಟು ಗಂಟೆಗೆ, ಯಾವ ದಿಕ್ಕಿನಿಂದ ಬಂತು, ಯಾರ ಮಾಡು ಹೋಯಿತು, ಮರ ಯಾವ ಕಡೆಗೆ ಬಿತ್ತು, ಎಲ್ಲವನ್ನೂ ಬರೆಯಿರಿ. ಐವತ್ತು ವರ್ಷದಿಂದ ಈ ಊರಿನ ಮೇಲೆ ಬೀಸಿದ ಗಾಳಿಗಳ ಲೆಕ್ಕ ನಮ್ಮ ಹತ್ತಿರ ಇಲ್ಲ. ಶತಮಾನೋತ್ಸವದ ಹೊತ್ತಿಗೆ ನಿಮ್ಮ ಹತ್ತಿರ ಇರಲಿ.

ನಮಗೆ ಇಲ್ಲಿ ಪಾಠ ಹೇಳಿದ ಗುರುಗಳು ಒಂದು ಮಾತು ಹೇಳುತ್ತಿದ್ದರು: 'ಗೊತ್ತಿದ್ದೂ ಹೇಳದವನಿಗೆ ಸೊನ್ನೆ ಮಾರ್ಕು.' ಬಾಯಿಬಿಡದೆ ನಿಲ್ಲುತ್ತಿದ್ದ ನನ್ನಂಥವರಿಗೆ ಹೇಳಿದ್ದು ಅದು. ಡಿ ಸೋಟೊ ಶಾಲೆಯ 33 ಮಕ್ಕಳ ಲೆಕ್ಕ ಓದಿದಾಗ ನನಗೆ ನೆನಪಾದದ್ದು ಆ ಮಾತೇ. ಗಾಳಿಯನ್ನು ತಡೆಯುವ ಶಕ್ತಿ ಯಾವ ಊರಿಗೂ ಇಲ್ಲ. ಮುಂದಿನ ಮನೆಗೆ ಕೂಗಿ ಹೇಳುವ ಶಕ್ತಿ ಎಲ್ಲ ಊರಿಗೂ ಇದೆ.